ಜೀಪಿನ ಮೇಲಣ ಮುಚ್ಚಿಗೆ: ದಾಂಡೇಲಿ–ಜೋಯಿಡಾ ಸೀಮೆಯ ವಾಹನಚರಿತ್ರೆಯ ಒಂದು ಪುಟ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ತಾಲ್ಲೂಕುಗಳ ಆಧುನಿಕ ಚರಿತ್ರೆಯನ್ನು ವಿವೇಚಿಸುವಾಗ ನಾವು ಸಾಮಾನ್ಯವಾಗಿ ತೇಗದ ಕಾಡು, ಕಾಗದದ ಗಿರಣಿ, ಕಾಳೀನದಿಯ ಅಣೆಕಟ್ಟು ಇವುಗಳನ್ನು ಕುರಿತು ಮಾತನಾಡುತ್ತೇವೆ. ಆ ಕಾಡಿನೊಳಕ್ಕೆ ಅಧಿಕಾರಿಯನ್ನೂ ಅಳತೆಯವನನ್ನೂ ಗುತ್ತಿಗೆದಾರನನ್ನೂ ಹೊತ್ತುಕೊಂಡು ಹೋದ ಜೀಪುಗಾಡಿಯ ಪ್ರಸ್ತಾಪ ಅಲ್ಲಲ್ಲಿ ಬರುವುದುಂಟು. ಆದರೆ ಆ ಜೀಪಿನ ಮೇಲೆ ಎಂತಹ ಮುಚ್ಚಿಗೆಯಿತ್ತು, ಅದನ್ನು ಮಾಡಿದವರು ಯಾರು, ಏಕೆ ಹಾಗೆಯೇ ಮಾಡಿದರು ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ. ಪ್ರಶ್ನೆ ಕ್ಷುಲ್ಲಕವೆಂದು ಕೆಲವರಿಗೆ ತೋರಬಹುದು. ವರ್ಷದ ನಾಲ್ಕು ತಿಂಗಳು ಆಕಾಶವೇ ಕಳಚಿ ಬೀಳುವಂತೆ ಮಳೆ ಸುರಿಯುವ ನಾಡಿನಲ್ಲಿ ತಲೆಯ ಮೇಲಣ ಮುಚ್ಚಿಗೆಯ ಮಾತನ್ನು ಕ್ಷುಲ್ಲಕವೆನ್ನುವುದು ಆ ಮಳೆಯನ್ನು ಕಾಣದವರಿಗೆ ಮಾತ್ರ ಸಾಧ್ಯ.

ಪ್ರಸ್ತುತ ಲೇಖನದ ವಿಷಯ, ಬೇಕಾದಾಗ ಕೂಡಿಸಿ ಬೇಡವಾದಾಗ ಕಳಚಿಡಬಹುದಾದ ತಗಡಿನ ಗಟ್ಟಿ ಟಾಪು. ಬೇರೊಂದು ದೇಶದಲ್ಲಿ, ಬೇರೊಂದು ಪ್ರಯೋಜನಕ್ಕಾಗಿ ರೂಪುಗೊಂಡ ವಾಹನಕ್ಕೆ ಇಲ್ಲಿನ ಹವೆಯೂ ಇಲ್ಲಿನ ಕಸುಬುದಾರರೂ ಕೊಟ್ಟ ಉತ್ತರವೆಂದು ನಾನು ಅದನ್ನು ಪರಿಗಣಿಸುತ್ತೇನೆ. ಈ ಕಸುಬುದಾರರು ನಕ್ಷೆ ಬರೆದಿಡಲಿಲ್ಲ, ಲೆಕ್ಕಪುಸ್ತಕ ಉಳಿಸಲಿಲ್ಲ. ಅವರ ಕೈಕೆಲಸವೇ ಅವರ ದಾಖಲೆ. ಆ ದಾಖಲೆ ಈಗ ಗುಜರಿಯ ದಾರಿ ಹಿಡಿದಿರುವುದರಿಂದ ಈ ವಿಷಯವನ್ನು ಎತ್ತಿಕೊಳ್ಳುವುದಕ್ಕೆ ತಕ್ಕ ಅವಸರವೂ ಇದೆ.

ಮೊದಲು ನೆಲದ ವಿಚಾರ. ಮುಂಡಗೋಡ, ಹಳಿಯಾಳ ತಾಲ್ಲೂಕುಗಳು ಧಾರವಾಡದ ಬಯಲುಸೀಮೆಗೆ ಅಂಟಿಕೊಂಡ ಅರೆಮಲೆನಾಡು; ಭತ್ತದ ಗದ್ದೆ, ಕೆರೆ, ಕುರುಚಲು ಕಾಡು ಇವು ಅಲ್ಲಿನ ಲಕ್ಷಣ. ಹಿಂದೆ ಹಳಿಯಾಳ ತಾಲ್ಲೂಕಿಗೆ ಸೇರಿದ್ದು ಈಗ ಬೇರೆ ತಾಲ್ಲೂಕಾಗಿರುವ ದಾಂಡೇಲಿ ನಡುವಣ ಮೆಟ್ಟಿಲು. ಅಲ್ಲಿಂದ ಪಶ್ಚಿಮಕ್ಕೆ ಜೋಯಿಡಾ ತಾಲ್ಲೂಕು ಸಹ್ಯಾದ್ರಿಯ ಅಂಚಿನವರೆಗೆ ಹಬ್ಬಿ, ಕ್ಯಾಸಲ್ ರಾಕ್, ಅಣಶಿಗಳ ಕಡೆ ಒಮ್ಮೆಲೆ ಕೆಳಗಿಳಿಯುತ್ತದೆ. ಹಳಿಯಾಳದಲ್ಲಿ ಬೀಳುವ ಮಳೆಯ ಹಲವು ಪಾಲು ಮಳೆ ಘಟ್ಟದಂಚಿನಲ್ಲಿ ಬೀಳುತ್ತದೆ. ಬೆಳಿಗ್ಗೆ ಹಳಿಯಾಳದಿಂದ ಬಿಸಿಲಿನಲ್ಲಿ ಹೊರಟ ಗಾಡಿ ಮಧ್ಯಾಹ್ನಕ್ಕೆ ಜೋಯಿಡಾದ ಆಚೆ ಮಂಜು ಮಳೆಗಳಲ್ಲಿ ಮುಳುಗಿರುವುದು ಆಷಾಢದಲ್ಲಿ ನಿತ್ಯದ ಸಂಗತಿ. ಅದೇ ಗಾಡಿಗೆ ಚೈತ್ರ ವೈಶಾಖಗಳಲ್ಲಿ ಸೆಕೆಯೇ ವೈರಿ. ಒಂದೇ ವಾಹನಕ್ಕೆ ಎರಡು ಬಗೆಯ ಮೈ ಬೇಕಾಗುವುದು ಈ ಕಾರಣದಿಂದ.

ಕಳಚಬಹುದಾದ ಮುಚ್ಚಿಗೆಯ ಕಲ್ಪನೆ ಇಲ್ಲಿಗೆ ಜೀಪಿನೊಡನೆ ಬಂದುದಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಧಾರವಾಡ ಬೆಳಗಾವಿಗಳ ಸೀಮೆಯಲ್ಲಿ ಜಾತ್ರೆಗೆ ಹೊರಡುವ ಕೊಲ್ಲಾರಿ ಬಂಡಿಯನ್ನು ಎಲ್ಲರೂ ಬಲ್ಲರು. ಅದರ ಬಿದಿರಿನ ಕಮಾನು, ಮೇಲೆ ಹೊದಿಸಿದ ತಟ್ಟಿಯೋ ಬಟ್ಟೆಯೋ ಎಲ್ಲವೂ ಬಂಡಿಯ ಮೈಯಿಂದ ಬೇರೆಯಾದುವು. ಸುಗ್ಗಿ ಬಂದಾಗ, ಗೊಬ್ಬರ ಹೇರುವಾಗ ಅದೇ ಬಂಡಿ ಬೋಳಾಗಿ ನಿಲ್ಲುತ್ತದೆ. ಮಲೆನಾಡಿನ ಗೊರಬು, ಕಂಬಳಿಕೊಪ್ಪೆಗಳಲ್ಲಿಯೂ ಇದೇ ತತ್ತ್ವವಿದೆ: ಮಳೆಯಲ್ಲಿ ಬೆನ್ನು ಬಗ್ಗಿಸಿ ದುಡಿಯುವವನು ಹೊತ್ತುಕೊಂಡು ತಿರುಗುವ ಮನೆಯ ಮಾಡು ಅದು. ಮಳೆ ನಿಂತೊಡನೆ ಅದು ಗೂಟಕ್ಕೆ ಹೋಗುತ್ತದೆ. ಋತುವಿಗೆ ತಕ್ಕಂತೆ ಮಾಡನ್ನು ಏರಿಸಿ ಇಳಿಸುವುದು ಈ ಜನಕ್ಕೆ ಹೊಸದಾಗಿರಲಿಲ್ಲ. ಹೊಸದಾಗಿದ್ದುದು ತಗಡು, ಬೆಸುಗೆ ಮತ್ತು ನಾಲ್ಕು ಚಕ್ರಕ್ಕೂ ಶಕ್ತಿ ಹರಿಯುವ ಗಾಡಿ.

ಜೀಪಿನ ಹುಟ್ಟನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಅಮೆರಿಕದ ಸೈನ್ಯಕ್ಕಾಗಿ ಬ್ಯಾಂಟಮ್ ಕಂಪನಿ ತನ್ನ ಮೊದಲ ಮಾದರಿಯನ್ನು ೧೯೪೦ರ ಸೆಪ್ಟೆಂಬರ್ ತಿಂಗಳಲ್ಲಿ ಒಪ್ಪಿಸಿತು. ೧೯೪೧ರಿಂದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧ ಮುಗಿಯುವವರೆಗೆ ಆರು ಲಕ್ಷಕ್ಕೂ ಮೇಲ್ಪಟ್ಟು ಜೀಪುಗಳನ್ನು ತಯಾರಿಸಿದವು. ಗಾಲಿಗಳ ನಡುವಣ ಅಂತರ ಕೇವಲ ೮೦ ಅಂಗುಲ, ತೂಕ ಹೆಚ್ಚುಕಡಮೆ ಒಂದು ಟನ್ನು. ಮುಂಗಾಜಿನ ಚೌಕಟ್ಟು ಕೀಲಿನ ಮೇಲೆ ಮುಂದಕ್ಕೆ ಮಡಿಸಿ ಬಾನೆಟ್ಟಿನ ಮೇಲೆ ಮಲಗುವಂತಿತ್ತು. ಮೇಲೆ ಕಬ್ಬಿಣದ ಕಮಾನು, ಅದರ ಮೇಲೆ ಕ್ಯಾನ್ವಾಸು. ಶತ್ರುವಿನ ಕಣ್ಣಿಗೆ ಬೀಳದಿರಬೇಕು, ಒಳಗಿರುವವನು ಕ್ಷಣಮಾತ್ರದಲ್ಲಿ ಹೊರಕ್ಕೆ ಹಾರಬೇಕು ಎಂಬುದು ಆ ರಚನೆಯ ಹಿಂದಿನ ಆಲೋಚನೆ. ಸುಖವನ್ನು ಅಲ್ಲಿ ಯಾರೂ ಯೋಚಿಸಿರಲಿಲ್ಲ. ಚಳಿನಾಡಿನಲ್ಲಿ ಕಾದಾಡಿದ ಸೈನಿಕರು ಕೈಗೆ ಸಿಕ್ಕ ಹಲಗೆ, ಪ್ಲೈವುಡ್ಡುಗಳಿಂದ ತಾವೇ ಗೂಡು ಕಟ್ಟಿಕೊಂಡರೆಂಬುದನ್ನು ಅಂದಿನ ಛಾಯಾಚಿತ್ರಗಳು ತೋರಿಸುತ್ತವೆ. ಕಾರ್ಖಾನೆ ಕೊಡದಿದ್ದುದನ್ನು ಬಳಸುವವನು ಸೇರಿಸುವ ಪದ್ಧತಿ ಜೀಪಿನಷ್ಟೇ ಹಳೆಯದು.

ಯುದ್ಧಾನಂತರ ಸೇನೆಯ ಮಿಗುವ ಗಾಡಿಗಳು ಹರಾಜಿನ ಮೂಲಕ ಖಾಸಗಿಯವರ ಕೈಸೇರಿದವು. ೧೯೪೫ರಲ್ಲಿ ಉಕ್ಕಿನ ವ್ಯಾಪಾರಕ್ಕಾಗಿ ಸ್ಥಾಪಿತವಾಗಿ ೧೯೪೮ರಲ್ಲಿ ಈಗಿನ ಹೆಸರನ್ನು ಪಡೆದ ಮಹೀಂದ್ರ ಅಂಡ್ ಮಹೀಂದ್ರ ಕಂಪನಿ, ಬಿಡಿಭಾಗಗಳನ್ನು ತರಿಸಿ ಮುಂಬಯಿಯ ಮಜಗಾಂವಿನಲ್ಲಿ ೧೯೪೯ರಲ್ಲಿ ವಿಲ್ಲಿಸ್ ಜೀಪನ್ನು ಜೋಡಿಸಿತು. ಮುಂದೆ ಐದಾರು ವರ್ಷಗಳಲ್ಲಿ ಇಲ್ಲಿಯೇ ತಯಾರಿಕೆ ಆರಂಭವಾಯಿತು. ಉತ್ತರ ಕನ್ನಡ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದಿತು. ಮೈಸೂರು ರಾಜ್ಯಕ್ಕೆ ಸೇರಿದುದು ೧೯೫೬ರ ನವೆಂಬರ್ ೧ರಂದು. ೧೯೫೨ರ ಅಕ್ಟೋಬರ್ ೨ರಂದು ಆರಂಭವಾದ ಸಮುದಾಯ ವಿಕಾಸ ಯೋಜನೆಯಿಂದಾಗಿ ಜೀಪು ಹಳ್ಳಿಗಳಿಗೂ ಪರಿಚಿತವಾಯಿತು. ‘ಜೀಪು ಬಂತು’ ಎಂದರೆ ಸರಕಾರ ಬಂತು ಎಂದೇ ಅರ್ಥ. (ಆ ಶಬ್ದ ಕೇಳಿ ಊರಿನ ಅರ್ಧ ಜನ ಹಿತ್ತಿಲ ಬಾಗಿಲಿನಿಂದ ಹೊರಬೀಳುತ್ತಿದ್ದರೆಂಬ ವಿನೋದವನ್ನು ಹಿರಿಯರು ಈಗಲೂ ಹೇಳುವುದುಂಟು, ಅದನ್ನು ಆಡಳಿತದ ಚರಿತ್ರೆಕಾರರಿಗೆ ಬಿಡುತ್ತೇನೆ.)

ಅದೇ ದಶಕದಲ್ಲಿ ದಾಂಡೇಲಿಯ ಮುಖವೂ ಬದಲಾಯಿತು. ಮರದ ಕೋಠಿ ಮತ್ತು ಪ್ಲೈವುಡ್ಡಿನ ಕೆಲಸಗಳಿದ್ದ ಊರಿಗೆ ೧೯೫೫ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಬಂದು, ೧೯೫೯ರಲ್ಲಿ ಕಾಗದದ ಉತ್ಪಾದನೆಗೆ ತೊಡಗಿತು. ಗಿರಣಿಗೆ ಬಿದಿರು ಬೇಕು. ಬಿದಿರು ಕಡಿಯುವ ಕೂಪುಗಳು ಕಾಡಿನ ಒಡಲಲ್ಲಿ. ಅಲ್ಲಿಗೆ ಮೇಲ್ವಿಚಾರಕರು ಹೋಗಬೇಕು. ಸೂಪಾ ಸೀಮೆಯ ಮ್ಯಾಂಗನೀಸ್ ಗಣಿಗಳಿಗೂ ಇದೇ ಬಗೆಯ ಓಡಾಟ. ೧೯೭೦ರಲ್ಲಿ ವಿದ್ಯುತ್ ನಿಗಮ ಸ್ಥಾಪಿತವಾದ ಮೇಲೆ ಕಾಳೀ ಯೋಜನೆಯ ಅಳತೆ, ರಸ್ತೆ, ಕಟ್ಟೋಣಗಳ ಕೆಲಸ ವರ್ಷಗಟ್ಟಲೆ ನಡೆದು, ೧೦೧ ಮೀಟರ್ ಎತ್ತರದ ಸೂಪಾ ಅಣೆಕಟ್ಟು ತಲೆಯೆತ್ತಿತು. ಸೂಪಾ ಊರು ನೀರಿನಲ್ಲಿ ಮುಳುಗಿ, ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು. ಈ ಎಲ್ಲ ಕೆಲಸಗಳಿಗೂ ಸಾಮಾನ್ಯವಾದ ವಾಹನ ಜೀಪು. ಅಂದಿನ ಕಾಡುರಸ್ತೆಗಳಲ್ಲಿ ಮಳೆಗಾಲದಲ್ಲಿ ಬೇರೆ ಯಾವ ಮೋಟಾರೂ ನಡೆಯುವ ಸ್ಥಿತಿಯಿರಲಿಲ್ಲ.

ಈ ಪರಿಸರದಲ್ಲಿ ಕ್ಯಾನ್ವಾಸಿನ ಟಾಪು ಸೋತಿತು. ಹೊಸ ಬಟ್ಟೆಯಾದರೂ ಮೂರು ದಿನ ಬಿಡದೆ ನೆನೆದ ಮೇಲೆ ಹೊಲಿಗೆಯ ರಂಧ್ರಗಳಿಂದ ನೀರು ಜಿನುಗುತ್ತದೆ. ಒಳಗಿನವನ ತಲೆಯೋ ಭುಜವೋ ಬಟ್ಟೆಯನ್ನು ಮುಟ್ಟಿದರೆ ಸಾಕು, ಅಲ್ಲಿಂದ ಧಾರೆ ಇಳಿಯುತ್ತದೆ. ಒದ್ದೆಯಾಗಿ ಮಡಿಸಿಟ್ಟರೆ ಬೂಷ್ಟು ಹಿಡಿದು ಕೊಳೆಯುತ್ತದೆ. ಬಾಗಿದ ಬಿದಿರಿನ ಮುಳ್ಳು ಅದನ್ನು ಉದ್ದಕ್ಕೂ ಸೀಳುತ್ತದೆ. ಅರಣ್ಯದ ನಕ್ಷೆ, ಅಳತೆಯ ಪುಸ್ತಕ, ಕೂಲಿಯ ಹಣ ಇವುಗಳನ್ನು ಸಾಗಿಸುವವನಿಗೆ ಬೀಗವಿಲ್ಲದ ಬಟ್ಟೆಯ ಗೋಡೆಯಿಂದ ಏನು ಪ್ರಯೋಜನ? ಮೇಲೊಂದು ತಾಡಪತ್ರಿ ಎಳೆದು ಹಗ್ಗ ಬಿಗಿಯುವುದು ಮೊದಲ ಉಪಾಯವಾಯಿತು. ತಗಡಿನ ಟಾಪು ಅದರ ಮುಂದಿನ ಹೆಜ್ಜೆ.

ತಗಡಿನ ಟಾಪನ್ನು ಕಟ್ಟುವುದು ಹೊರನೋಟಕ್ಕೆ ಪೆಟ್ಟಿಗೆ ಮಾಡಿದಷ್ಟು ಸುಲಭವೆಂದು ತೋರುತ್ತದೆ. ಹಾಗಲ್ಲವೆಂಬುದಕ್ಕೆ ಮೂಲ ಕಾರಣ ಜೀಪಿನ ಅಸ್ಥಿಪಂಜರದಲ್ಲಿದೆ. ಏಣಿಯ ಆಕಾರದ ಚಾಸಿಯ ಮೇಲೆ ಅದರ ಮೈ ಕುಳಿತಿದೆ. ಒಂದು ಮುಂಗಾಲಿ ಕೊರಕಲಿಗೆ ಇಳಿದು, ಎದುರು ಮೂಲೆಯ ಹಿಂಗಾಲಿ ಬೇರಿನ ಮೇಲೆ ಏರಿದಾಗ ಚಾಸಿ ಒಣಗಲು ಹಾಕಿದ ಬಟ್ಟೆಯಂತೆ ತಿರುಚಿಕೊಳ್ಳುತ್ತದೆ. ತಿರುಚಿಕೊಳ್ಳುವುದು ಅದರ ದೋಷವೆನ್ನಲಾಗದು. ನೆಲವನ್ನು ಬಿಡದೆ ನಾಲ್ಕು ಗಾಲಿಗಳೂ ಕಚ್ಚಿಕೊಳ್ಳಲು ಅದೂ ಸಹಾಯಕವೇ. ಟಾಪಿನ ಹಿಂಭಾಗ ಮೈಯ ಅಂಚಿನ ಮೇಲೆ ಕೂಡುತ್ತದೆ, ಮುಂಭಾಗ ಮುಂಗಾಜಿನ ಚೌಕಟ್ಟಿನ ಮೇಲೆ ಕೂಡುತ್ತದೆ. ಆ ಚೌಕಟ್ಟಾದರೋ ಕೀಲಿನ ಮೇಲೆ ನಿಂತದ್ದು. ಹೀಗೆ ಬೇರೆಬೇರೆಯಾಗಿ ಅಲುಗುವ ಎರಡು ಅಂಗಗಳ ಮೇಲೆ ಅಲುಗದ ಒಂದು ವಸ್ತುವನ್ನು ಹೇರಿದಂತಾಯಿತು. ಬಿಗಿಯಾಗಿ ಬೆಸೆದರೆ ಮೂಲೆಗಳಲ್ಲಿ ತಗಡು ಬಿರಿಯುತ್ತದೆ, ಇಲ್ಲವೇ ಗಾಜು ಒಡೆಯುತ್ತದೆ. ಸಡಿಲ ಬಿಟ್ಟರೆ ನೀರು ಒಳಗೆ. ಈ ಇಕ್ಕಟ್ಟಿನಿಂದ ಪಾರಾಗುವ ಬಗೆಯಲ್ಲಿಯೇ ಮೇಸ್ತ್ರಿಯ ಜಾಣ್ಮೆ ತಿಳಿಯುತ್ತದೆ.

ಪಾರಾಗುವ ಬಗೆ ಹೀಗೆ. ಮೊದಲು ಗಾಡಿಯನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ನಾಲ್ಕು ಗಾಲಿಗಳ ಗಾಳಿಯನ್ನೂ ಸಮ ಮಾಡಿಕೊಂಡು, ಮೈಯ ಅಂಚನ್ನು ಮೂಲೆಯಿಂದ ಮೂಲೆಗೆ ಅಡ್ಡವಾಗಿ ಅಳೆಯಬೇಕು. ಎರಡು ಅಡ್ಡಳತೆಗಳು ಸರಿಹೊಂದದಿದ್ದರೆ ಮೈ ಸೊಟ್ಟಗಾಗಿದೆಯೆಂದು ಅರ್ಥ. ಹಳೆಯ ಜೀಪುಗಳಲ್ಲಿ ಇದು ಸಾಮಾನ್ಯ. ಆದುದರಿಂದ ಒಂದು ಜೀಪಿಗೆಂದು ಮಾಡಿದ ಟಾಪು ಇನ್ನೊಂದಕ್ಕೆ ಅಚ್ಚುಕಟ್ಟಾಗಿ ಕೂಡುವುದು ಅಪರೂಪ. ರಟ್ಟಿನಲ್ಲಿ ಅಚ್ಚು ಕತ್ತರಿಸಿ, ೨೫ ಮಿಲಿಮೀಟರಿನ ಚೌಕ ಪೈಪಿನಿಂದ ಗಾಡಿಯ ಮೇಲೆಯೇ ಹಂದರ ಕಟ್ಟಿ, ಅಲ್ಲಲ್ಲಿ ಚುಕ್ಕೆಬೆಸುಗೆ ಹಾಕಿ, ಎಲ್ಲ ಕೂಡಿತೆಂದು ಖಾತ್ರಿಯಾದ ಮೇಲೆ ಕೆಳಗಿಳಿಸಿ ಪೂರ್ಣ ಬೆಸೆಯುವುದು ಕ್ರಮ. ಒಂದೇ ಕಡೆಯಿಂದ ಬೆಸೆಯುತ್ತ ಹೋದರೆ ಕಾವಿಗೆ ಹಂದರ ಎಳೆದುಕೊಂಡು ಬಾಗುವುದರಿಂದ, ಈ ಬದಿಗೊಂದು ಆ ಬದಿಗೊಂದು ಎಂಬಂತೆ ಬೆಸುಗೆ ಸಾಗಬೇಕು. ಮೈಯ ಅಂಚಿಗೂ ಟಾಪಿಗೂ ನಡುವೆ ರಬ್ಬರಿನ ಪಟ್ಟಿ. ಬೋಲ್ಟುಗಳ ಅಡಿಯಲ್ಲಿಯೂ ರಬ್ಬರಿನ ವಾಷರು. ಮುಂಗಾಜಿನ ಮೇಲಂಚಿನಲ್ಲಿ ಬೋಲ್ಟಿಗೆ ಬದಲು, ಅಲ್ಪಸ್ವಲ್ಪ ಜಾರುವುದಕ್ಕೆ ಎಡೆಗೊಡುವ ಕೊಂಡಿ. ಟಾಪು ಹಿಂದುಗಡೆ ಗಟ್ಟಿಯಾಗಿಯೂ ಮುಂದುಗಡೆ ಮೆತ್ತಗಾಗಿಯೂ ಹಿಡಿದುಕೊಂಡಿರಬೇಕೆಂಬುದು ಇದರ ಸಾರ.

ಮೇಲ್ಭಾಗ ಚಪ್ಪಟೆಯಾಗಿರಕೂಡದು. ನಡುವೆ ಒಂದೆರಡು ಬೆರಳಿನಷ್ಟು ಉಬ್ಬಿಲ್ಲದಿದ್ದರೆ ನೀರು ನಿಂತು, ತಗಡು ಓಡಾಟದಲ್ಲಿ ತಮಟೆಯಂತೆ ಬಡಿದುಕೊಳ್ಳುತ್ತದೆ. ಬಾಗಿಲುಗಳ ಮೇಲೆ ಮಳೆನೀರಿನ ದೋಣಿ ಇರಬೇಕು. ಇಲ್ಲವಾದರೆ ಬಾಗಿಲು ತೆರೆದವನ ಮಡಿಲಿಗೇ ಧಾರೆ. ಈ ದೋಣಿಯೇ ಮೊದಲು ತುಕ್ಕು ಹಿಡಿಯುವ ಸ್ಥಳವೂ ಹೌದು. ಅಲ್ಯೂಮಿನಿಯಂ ತಗಡನ್ನು ಉಕ್ಕಿನ ಹಂದರಕ್ಕೆ ನೇರವಾಗಿ ಬಿಗಿದರೆ ಎರಡು ಲೋಹಗಳು ಕೂಡುವೆಡೆಯಲ್ಲಿ ನೀರು ಸೇರಿ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ನಡುವೆ ಬಣ್ಣವೋ ರಬ್ಬರೋ ಇರಲೇಬೇಕು. ಒಳಮೈಗೆ ಅಸ್ತರಿಲ್ಲದಿದ್ದರೆ ಮಳೆಗಾಲದ ಮುಂಜಾನೆಯಲ್ಲಿ ಉಸಿರಿನ ಹಬೆಯೇ ಹನಿಯಾಗಿ ಮೇಲಿನಿಂದ ತೊಟ್ಟಿಕ್ಕುತ್ತದೆ. ಟಾಪು ಸೋರುತ್ತಿದೆಯೆಂಬ ದೂರುಗಳಲ್ಲಿ ಕೆಲವಾದರೂ ನಿಜವಾಗಿ ಈ ಹಬೆಯ ದೂರುಗಳು.

ಇನ್ನು ತೂಕ. ಕಳಚಬಹುದಾದ ಟಾಪು ಎಂಬ ಹೆಸರು ಸಾರ್ಥಕವಾಗಬೇಕಾದರೆ ಅದನ್ನು ಮನುಷ್ಯರು ಎತ್ತುವಂತಿರಬೇಕು. ಸಾಧಾರಣ ಜೀಪಿಗೆ ಮೇಲ್ಭಾಗ, ಎರಡು ಪಕ್ಕ, ಹಿಂಬದಿ ಸೇರಿ ಸುಮಾರು ೫ ಚದರ ಮೀಟರ್ ತಗಡು ಬೇಕೆಂದು ಹಿಡಿಯೋಣ. ೨೦ ಗೇಜಿನ ಉಕ್ಕಿನ ತಗಡು ಚದರ ಮೀಟರಿಗೆ ೭ ಕಿಲೋಗ್ರಾಮಿನಷ್ಟು ತೂಗುವುದರಿಂದ ತಗಡೇ ೩೫ ಕಿಲೋಗ್ರಾಮ್. ಚೌಕ ಪೈಪು ೨೦ ಮೀಟರ್ ಹಿಡಿದರೆ ಮತ್ತೆ ೨೩ ಅಥವಾ ೨೪. ಗಾಜು, ರಬ್ಬರು, ಬೋಲ್ಟು ಸೇರಿ ಒಟ್ಟು ೭೦ರ ಸಮೀಪಕ್ಕೆ ಬರುತ್ತದೆ. ನಾಲ್ಕು ಜನ ಮೂಲೆಗೊಬ್ಬರಂತೆ ಎತ್ತಬಹುದು. ಇಲ್ಲವೇ ಕೊಟ್ಟಿಗೆಯ ತೊಲೆಗೆ ಚೈನ್ ಪುಲ್ಲಿ ಕಟ್ಟಿ ಒಬ್ಬನೇ ಮೇಲಕ್ಕೆಳೆದು, ಕೆಳಗಿನಿಂದ ಗಾಡಿಯನ್ನು ಮುಂದಕ್ಕೆ ತಳ್ಳಬಹುದು. ೧೮ ಗೇಜಿಗೆ ಹೋದರೆ ಬಾಳಿಕೆ ಹೆಚ್ಚು, ಆದರೆ ತಗಡಿನ ತೂಕ ೪೮ಕ್ಕೆ ಏರುತ್ತದೆ. ಒಂದು ಟನ್ನಿನ ಕಿರಿದಾದ ಗಾಡಿಯ ನೆತ್ತಿಯ ಮೇಲೆ ಇಷ್ಟು ಭಾರವಿದ್ದರೆ ಅಡ್ಡವಾಲಿನಲ್ಲಿ ಅದು ಬೇಗ ಮಗುಚುತ್ತದೆ. ಬಲವೇ ಗುಣವೆಂದು ನಂಬಿ ದಪ್ಪ ತಗಡು ಹಾಕಿಸಿದವರು ಘಟ್ಟದ ತಿರುವುಗಳಲ್ಲಿ ಅದರ ಬೆಲೆ ತೆರಬೇಕಾಗುತ್ತದೆ. ಇತ್ತೀಚೆಗೆ ಬಂದಿರುವ ನಾರುಗಾಜಿನ ಟಾಪು ಹಗುರ, ತುಕ್ಕಿಲ್ಲ. ಆದರೆ ಅದಕ್ಕೆ ಅಚ್ಚು ಬೇಕು, ಅಚ್ಚಿಗೆ ಒಂದೇ ಅಳತೆಯ ಹಲವು ಗಾಡಿಗಳು ಬೇಕು. ಊರಿನ ಗ್ಯಾರೇಜಿನ ಕಸುಬಿಗೆ ಅದು ಒಗ್ಗದು.

ಇದೇ ಸಮಸ್ಯೆಗೆ ಇಂಗ್ಲೆಂಡಿನವರು ಕೊಟ್ಟ ಉತ್ತರವನ್ನು ಇಲ್ಲಿ ಹೋಲಿಸಬಹುದು. ೧೯೪೮ರಲ್ಲಿ ಹೊರಬಂದ ಲ್ಯಾಂಡ್ ರೋವರಿಗೆ ಅಲ್ಯೂಮಿನಿಯಂ ಮಿಶ್ರಲೋಹದ ಮೈ. ಮುಂದೆ ಅದಕ್ಕೆ ಬೋಲ್ಟು ಬಿಚ್ಚಿ ತೆಗೆಯಬಹುದಾದ ಲೋಹದ ಟಾಪನ್ನು ಕಂಪನಿಯೇ ಒದಗಿಸಿತು. ಉಷ್ಣದೇಶಗಳಿಗಾಗಿ ಅದರ ಮೇಲೆ ಸ್ವಲ್ಪ ಅಂತರ ಬಿಟ್ಟು ಎರಡನೆಯ ಹಾಳೆಯೊಂದನ್ನು ಹೊದಿಸಿದರು. ಬಿಸಿಲು ಮೇಲಿನ ಹಾಳೆಗೆ, ನಡುವೆ ಗಾಳಿ, ನೆರಳು ಕೆಳಗಿನ ಹಾಳೆಗೆ. ಹಂಚಿನ ಕೆಳಗೆ ಮರದ ಮುಚ್ಚಿಗೆ ಹಾಕಿ ಅಟ್ಟ ಮಾಡುವ ನಮ್ಮ ಮಲೆನಾಡಿನ ಮನೆಯ ತತ್ತ್ವವೂ ಇದೇ ಆಗಿದೆ. ಆದರೂ ಇಲ್ಲಿನ ಟಾಪುಗಳಲ್ಲಿ ಎರಡು ಪದರದ ಪದ್ಧತಿ ಬೇರೂರಲಿಲ್ಲ. ಕಾರಣ ಸರಳವಾದುದು: ಬೇಸಗೆಯಲ್ಲಿ ಟಾಪನ್ನೇ ಕಳಚಿಡುವವನಿಗೆ ಬಿಸಿಲಿಗಾಗಿ ಎರಡನೆಯ ತಗಡಿನ ಖರ್ಚೇಕೆ? ರೋಹಿಣಿ ಮಳೆಗೆ ಏರಿಸಿ, ದೀಪಾವಳಿಯ ಹೊತ್ತಿಗೆ ಇಳಿಸಿ, ಹಳೆಯ ಟಾಯರುಗಳ ಮೇಲೆ ಬೋರಲು ಹಾಕಿಡುವ ಕ್ರಮ ಎರಡು ಪದರದ ಕೆಲಸವನ್ನು ಬೇರೆ ರೀತಿಯಲ್ಲಿ ಪೂರೈಸುತ್ತದೆ.

ಟಾಪು ಬೇಡವೆಂದವರೂ ಇದ್ದರು, ಅವರ ಮಾತೂ ಚರಿತ್ರೆಗೆ ಸೇರತಕ್ಕದ್ದು. ಕಾಡು ಕಾಯುವವನಿಗೆ ಕಣ್ಣಿನಷ್ಟೇ ಕಿವಿ ಮುಖ್ಯ. ಕೊಡಲಿಯ ಸದ್ದು, ಒಣಗಿದ ಬಿದಿರು ಮುರಿದ ಸದ್ದು, ಕಾಡುಕೋಳಿಯ ಕೂಗು ತಗಡಿನ ಗೂಡಿನೊಳಗೆ ಕೇಳುವುದಿಲ್ಲ. ಮಳೆ ಬಂದರಂತೂ ಪಕ್ಕದವನ ಮಾತೂ ಕೇಳುವುದಿಲ್ಲ. ೧೯೫೬ರಲ್ಲಿ ದಾಂಡೇಲಿ ವನ್ಯಧಾಮ, ೧೯೮೭ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ, ೨೦೦೭ರಲ್ಲಿ ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶ, ೨೦೧೫ರಲ್ಲಿ ಅದಕ್ಕೆ ಕಾಳೀ ಎಂಬ ಹೆಸರು. ಈ ಬದಲಾವಣೆಗಳ ಜೊತೆಗೆ ಜೀಪಿನ ಮೇಲೆ ಕುಳಿತವರೂ ಬದಲಾದರು. ಕೂಪಿನ ಗುತ್ತಿಗೆದಾರ ಇಳಿದ, ಪ್ರವಾಸಿ ಹತ್ತಿದ. ಪ್ರವಾಸಿಗೆ ಬೇಕಾದುದು ತೆರೆದ ಗಾಡಿ. ಕಾಡನ್ನು ನೋಡಲೆಂದೇ ಬಂದವನ ಮುಂದೆ ತಗಡಿನ ಗೋಡೆ ನಿಲ್ಲಿಸಲಾಗದು. ಇದರಿಂದ ಕಳಚಿಟ್ಟ ಅನೇಕ ಟಾಪುಗಳು ಮತ್ತೆ ಏರಲೇ ಇಲ್ಲ. ಕೆಲವು ಕೋಳಿಗೂಡಿನ ಮಾಡಾಗಿ, ಸೌದೆಯ ಮರೆಯಾಗಿ ಕೊನೆಗಂಡವು.

ಕಸುಬಿಗೆ ದೊಡ್ಡ ಪೆಟ್ಟು ಬಂದುದು ಕಾನೂನಿನ ದಿಕ್ಕಿನಿಂದ. ೧೯೩೯ರ ಮೋಟಾರು ವಾಹನಗಳ ಕಾಯಿದೆಯ ೩೨ನೆಯ ಪ್ರಕರಣ ವಾಹನದ ಮಾರ್ಪಾಟನ್ನು ಕುರಿತದ್ದು: ನೋಂದಣಿಪತ್ರದ ವಿವರ ತಪ್ಪಾಗುವಂತಹ ಬದಲಾವಣೆ ಮಾಡುವವನು ಅಧಿಕಾರಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ಅಂದರೆ ಮಾರ್ಪಾಟು ಸಹಜವೆಂದು ಒಪ್ಪಿಕೊಂಡು, ಅದರ ಲೆಕ್ಕವಿಡಲು ಹೊರಟ ಕಾನೂನು ಅದು. ೧೯೮೮ರ ಕಾಯಿದೆಯ ೫೨ನೆಯ ಪ್ರಕರಣ ೨೦೦೦ದಲ್ಲಿ ತಿದ್ದುಪಡಿಯಾದಾಗ ದೃಷ್ಟಿಯೇ ಬದಲಾಯಿತು. ನೋಂದಣಿಪತ್ರದ ವಿವರಗಳು ತಯಾರಕನು ಮೂಲತಃ ನಿರ್ದೇಶಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಅದು ವಿಧಿಸಿತು. ಕೇರಳದ ಪ್ರಕರಣವೊಂದರಲ್ಲಿ ೨೦೧೯ರ ಜನವರಿ ೯ರಂದು ಸರ್ವೋಚ್ಚ ನ್ಯಾಯಾಲಯ ಈ ನಿಷೇಧವನ್ನು ಎತ್ತಿಹಿಡಿಯಿತು. ಮೈಯ ಬಗೆ, ಬರಿಗಾಡಿಯ ತೂಕ ಇವು ನೋಂದಣಿಪತ್ರದಲ್ಲಿ ಬರೆಯುವ ವಿವರಗಳೇ ಆದುದರಿಂದ, ೭೦ ಕಿಲೋಗ್ರಾಮಿನ ತಗಡಿನ ಟಾಪು ಇದರ ವ್ಯಾಪ್ತಿಗೆ ಬರುವ ಸಂಭವ ಸ್ಪಷ್ಟವಾಗಿಯೇ ಇದೆ. ಸುರಕ್ಷತೆಯ ದೃಷ್ಟಿಯಿಂದ ಈ ಬದಲಾವಣೆಗೆ ಸಮರ್ಥನೆಯಿದೆಯೆಂಬುದನ್ನು ಅಲ್ಲಗಳೆಯಲಾಗದು. ಲೆಕ್ಕ ತಿಳಿಯದೆ ಕಟ್ಟಿದ ಟಾಪು ಮಗುಚಿದಾಗ ಸಾಯುವವನು ಒಳಗಿದ್ದವನೇ. ಆದರೂ ವಾಹನದ ಜ್ಞಾನವೆಲ್ಲ ತಯಾರಕನಲ್ಲಿಯೇ ಇದೆ, ಬಳಸುವ ನೆಲದಲ್ಲಿ ಏನೂ ಇಲ್ಲ ಎಂಬ ಗ್ರಹಿಕೆ ಇದರಲ್ಲಿ ಅಡಗಿದೆಯೆಂದೂ, ಅರ್ಧ ಶತಮಾನದ ಘಟ್ಟದ ಅನುಭವ ಆ ಗ್ರಹಿಕೆಯನ್ನು ಒಪ್ಪುವುದಿಲ್ಲವೆಂದೂ ನನ್ನ ಅಭಿಪ್ರಾಯ.

ಮಹೀಂದ್ರ ಕಂಪನಿ ೨೦೧೦ರಲ್ಲಿ ಥಾರ್ ಗಾಡಿಯನ್ನು ತಂದಾಗಲೂ ಮೇಲಿದ್ದುದು ಬಟ್ಟೆಯ ಟಾಪೇ. ೨೦೨೦ರ ಅಕ್ಟೋಬರಿನಲ್ಲಿ ಬಂದ ಹೊಸ ಥಾರಿಗೆ ಕಂಪನಿಯಲ್ಲಿಯೇ ಕೂಡಿಸಿದ ಗಟ್ಟಿ ಟಾಪು ದೊರೆಯುವಂತಾಯಿತು. ಜಿಲ್ಲೆಯ ಗ್ಯಾರೇಜುಗಳು ಅದಕ್ಕೆ ಎಷ್ಟೋ ವರ್ಷ ಮೊದಲು ತಮ್ಮ ಗಿರಾಕಿಗಳಿಗೆ ಕೊಟ್ಟಿದ್ದ ವಸ್ತು ಹೀಗೆ ಕಾರ್ಖಾನೆಯಿಂದ ಮರಳಿ ಬಂದಿತು, ಆದರೆ ಋತುವಿಗೆ ತಕ್ಕಂತೆ ಕಳಚಿಡುವ ಗುಣವೊಂದನ್ನು ಬಿಟ್ಟು.

ಈಗ ಉಳಿದ ಆಧಾರಗಳ ಮಾತು. ಹದಿನೈದು ವರ್ಷ ಮೀರಿದ ಸರಕಾರೀ ವಾಹನಗಳ ನೋಂದಣಿಯನ್ನು ನವೀಕರಿಸಕೂಡದೆಂಬ ಕೇಂದ್ರದ ನಿಯಮ ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದಿದೆ. ಕಚೇರಿಗಳ ಹಿತ್ತಿಲಲ್ಲಿ ನಿಂತಿರುವ ಹಳೆಯ ಜೀಪುಗಳು ಒಂದೊಂದಾಗಿ ತೂಕಕ್ಕೆ ಹೋಗುತ್ತಿವೆ. ಜೀಪಿನ ಯಂತ್ರ, ಚಾಸಿಗಳ ವಿವರ ತಯಾರಕರ ಪುಸ್ತಕಗಳಲ್ಲಿ ಉಳಿಯುತ್ತದೆ, ಅದಕ್ಕೆ ಅಳಿವಿಲ್ಲ. ಟಾಪಿನ ವಿವರ ಟಾಪಿನಲ್ಲಿ ಮಾತ್ರವೇ ಇದೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಶಾಸನದ ಪಡಿಯಚ್ಚು ತೆಗೆಯಲು ಕಲಿಯುವಂತೆ ಇದನ್ನೂ ಅಳೆದು ಬರೆಯಲು ಕಲಿಯಬಾರದೇಕೆ? ಬೇಕಾದುದು ಒಂದು ಅಳತೆಪಟ್ಟಿ, ಒಂದು ದಪ್ಪಮಾಪಕ, ಒಂದು ಕ್ಯಾಮರಾ. ಹಂದರದ ಪೈಪಿನ ಅಳತೆ, ತಗಡಿನ ಗೇಜು, ಮುಂಗಾಜಿನ ಮೇಲಣ ಕೊಂಡಿಯ ಬಗೆ, ದೋಣಿಯ ಆಕಾರ, ಎಷ್ಟು ಬಾರಿ ಬಣ್ಣ ಬಳಿದಿದೆ, ಯಾವ ಮೂಲೆ ಬಿರಿದಿದೆ, ಬಿರಿದುದನ್ನು ಹೇಗೆ ತೇಪೆ ಹಾಕಿದೆ ಎಂಬಿಷ್ಟನ್ನು ಗುರುತಿಸಿದರೆ ಸಾಕು. ಬೆಸುಗೆಯ ಗೆರೆಯಲ್ಲಿ ಕೈಯ ಅಭ್ಯಾಸ ತಿಳಿಯುತ್ತದೆ. ಒಂದೇ ಕೈಯ ಟಾಪುಗಳು ಹಳಿಯಾಳದಲ್ಲಿಯೂ ಮುಂಡಗೋಡದಲ್ಲಿಯೂ ದೊರೆತರೆ ಆ ಕಸುಬು ಯಾವ ದಾರಿಯಲ್ಲಿ ಸಂಚರಿಸಿತೆಂಬುದೂ ತಿಳಿಯುತ್ತದೆ. ಕೆಲಸವನ್ನು ಮಾಡಿದ ಮೇಸ್ತ್ರಿಗಳಲ್ಲಿ ಬದುಕಿರುವವರು ವೃದ್ಧರು. ಅವರ ಮಾತನ್ನು ಬರೆದುಕೊಳ್ಳುವ ಕೆಲಸವನ್ನು ಮಳೆಗಾಲದ ರಜೆಗೆ ಕಾಯದೆ, ಟಾಪುಗಳು ಇನ್ನೂ ನೆಲದ ಮೇಲೆ ಬೋರಲಾಗಿ ಬಿದ್ದಿರುವ ಮಾಘ ಫಾಲ್ಗುಣಗಳಲ್ಲಿಯೇ ಮಾಡುವುದು ಲೇಸು. ಒಳಮೈಯ ಬೆಸುಗೆ ಆಗ ಕಣ್ಣಿಗೆ ಕಾಣುತ್ತದೆ.